ಚೆಂಡೆಸೆಯುವ ತೋಳಿನ ಲೆಕ್ಕ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಆಟಗಾರನೂ ಅಲ್ಲ. ಗಿರಣಿಯಲ್ಲಿ ಲೆಕ್ಕ ಬರೆಯುವವನು. ರಜೆಯ ದಿನ ನಮ್ಮ ಹುಡುಗರ ಕ್ರಿಕೆಟ್ಟಿಗೂ ಲೆಕ್ಕ ಬರೆಯುತ್ತೇನೆ. ಆ ಲೆಕ್ಕದಲ್ಲಿ ನನ್ನಿಂದಾದ ಒಂದು ತಪ್ಪನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕಾಗಿದೆ.

ಕಳೆದ ಚಳಿಗಾಲದ ಒಂದು ಭಾನುವಾರ ಮೂರು ಪಂದ್ಯಗಳಾದವು. ಹನ್ನೆರಡು ವರ್ಷದ ಹುಡುಗನೊಬ್ಬ ಚೆನ್ನಾಗಿ ಬೋಲ್ ಮಾಡುತ್ತಾನೆಂದು ಮೂರರಲ್ಲಿಯೂ ಅವನ ಕೈಗೇ ಚೆಂಡು ಕೊಟ್ಟೆವು. ಒಂದೊಂದರಲ್ಲಿ ಐದು ಓವರು. ಸಾಲದೆಂದು ಬೌಂಡರಿಯಿಂದ ಎಸೆಯುವುದಕ್ಕೂ ಅವನೇ. ಸೋಮವಾರ ತಲೆ ಬಾಚಿಕೊಳ್ಳಲು ಅವನಿಗೆ ಕೈ ಏಳಲಿಲ್ಲ. ನನ್ನ ಪುಸ್ತಕ ತೆಗೆದು ಕೂಡಿಸಿದೆ: ಬೋಲಿಂಗೇ 90 ಎಸೆತ. ಬೌಂಡರಿಯಿಂದ ಎಸೆದದ್ದು ಎಷ್ಟೋ, ಅದನ್ನು ಬರೆದವರಾರು?

ಅಮೆರಿಕದವರ ಬೇಸ್‌ಬಾಲಿನಲ್ಲಿ ಇದನ್ನು ಬರೆಯುತ್ತಾರೆ. ಮಕ್ಕಳ ಪಂದ್ಯಗಳನ್ನು ನಡೆಸುವ ಲಿಟಲ್ ಲೀಗ್ ಸಂಸ್ಥೆ 2007ರಲ್ಲಿ ಎಸೆತಗಳ ಎಣಿಕೆಯನ್ನು ನಿಯಮವಾಗಿಯೇ ತಂದಿತು. 11-12 ವರ್ಷದ ಹುಡುಗ ದಿನಕ್ಕೆ 85ಕ್ಕಿಂತ ಹೆಚ್ಚು ಪಿಚ್ ಮಾಡುವಂತಿಲ್ಲ. 66 ಮುಟ್ಟಿದನೆಂದರೆ ನಾಲ್ಕು ದಿನ ವಿಶ್ರಾಂತಿ. ಅವರು ಮೊಣಕೈ ಮಡಿಸಿ ಎಸೆಯುತ್ತಾರೆ, ನಮ್ಮ ಬೋಲರು ತೋಳು ನೀಡಿ ಎಸೆಯುತ್ತಾನೆ; ಆದ್ದರಿಂದ ಅವರ ಅಂಕಿ ನಮಗೆ ಹಾಗೆಹಾಗೇ ಹೊಂದದು. ಆದರೆ ಭುಜ ಎಲ್ಲರಿಗೂ ಒಂದೇ. ಆಳವಿಲ್ಲದ ತಟ್ಟೆಯ ಮೇಲೆ ಗುಂಡಿಟ್ಟಂತೆ ಅದರ ಕೀಲು. ನಾಲ್ಕು ಸಣ್ಣ ಸ್ನಾಯುಗಳು ಆ ಗುಂಡನ್ನು ಹಿಡಿದಿರುತ್ತವೆ, ಚೆಂಡು ಕೈಬಿಟ್ಟ ಮೇಲೆ ಬೀಸಿದ ತೋಳಿಗೆ ಬ್ರೇಕು ಹಾಕುವುದರಲ್ಲಿಯೂ ಅವುಗಳದೇ ದುಡಿಮೆ. ಅವು ದಣಿದರೆ ಭಾರವೆಲ್ಲ ಕೀಲಿಗೆ. ಮಕ್ಕಳಲ್ಲಂತೂ ಭುಜದ ಹತ್ತಿರ ಮೂಳೆ ಬೆಳೆಯುವ ಜಾಗ ಇನ್ನೂ ಮೆತ್ತಗಿನ ಮೃದ್ವಸ್ಥಿ, ಪೆಟ್ಟು ಅಲ್ಲಿಗೇ.

ದೊಡ್ಡವರನ್ನೂ ಇದು ಬಿಟ್ಟಿಲ್ಲ. ನಮ್ಮ ಇದೇ ದೆಹಲಿಯ ಕೋಟ್ಲಾದಲ್ಲಿ 1999ರ ಫೆಬ್ರವರಿ 7ರಂದು ಬೆಂಗಳೂರಿನ ಅನಿಲ್ ಕುಂಬ್ಳೆ 26.3 ಓವರು ಎಸೆದು ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತರು. ಹತ್ತನೆಯದು ಗೆಳೆಯನಿಗೇ ಸಿಗಲೆಂದು ಮೈಸೂರಿನ ಶ್ರೀನಾಥ್ ಆಚೆ ತುದಿಯಿಂದ ಬೇಕೆಂದೇ ಅಗಲಕ್ಕೆ ಎಸೆದರು. ಆ ಶ್ರೀನಾಥರು 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಆಡದೆ ಇದ್ದವರು. ಕುಂಬ್ಳೆಯವರೂ ಭುಜದ ಕಾರಣದಿಂದಲೇ 2001ರ ಆಸ್ಟ್ರೇಲಿಯ ಸರಣಿಯನ್ನು ಕಳೆದುಕೊಂಡರು. ಅವರಿಗೆ ನುರಿತ ವೈದ್ಯರಿದ್ದರು. ನಮ್ಮ ಹುಡುಗರಿಗೆ ಇರುವುದು ಅಮೃತಾಂಜನದ ಡಬ್ಬಿ.

ಜನವರಿಯ ಮಂಜಿನಲ್ಲಿ ಹಾಸಿಗೆಯಿಂದೆದ್ದು ನೇರವಾಗಿ ವೇಗದ ಚೆಂಡು ಹಾಕಿಸಬೇಡಿ. ಮೈ ಬೆಚ್ಚಗಾಗುವವರೆಗೆ ಓಡಲಿ, ಮೊದಲು ಹತ್ತಿರದಿಂದ ಮೆಲ್ಲಗೆ ಎಸೆಯಲಿ. ಬೋಲ್ ಮಾಡಿದವನನ್ನು ಸ್ಲಿಪ್ಪಿನಲ್ಲಿ ನಿಲ್ಲಿಸಿ, ಬೌಂಡರಿಗೆ ಅಟ್ಟಬೇಡಿ. ನೋವೆಂದರೆ ಆಟ ಅಲ್ಲಿಗೆ ನಿಲ್ಲಲಿ. ಗುಳಿಗೆ ನುಂಗಿಸಿ ಆಡಿಸುವುದು ಬೇಡವೇ ಬೇಡ. ನೋವು ಉಳಿದರೆ ಮೂಳೆ ವೈದ್ಯರಿಗೆ ತೋರಿಸಿ.

ನನ್ನ ಪುಸ್ತಕದಲ್ಲಿ ಈಗ ಒಂದು ಅಂಕಣ ಹೆಚ್ಚಾಗಿದೆ: ಯಾರ ತೋಳು, ಎಷ್ಟು ಎಸೆತ. ವೃತ್ತಪತ್ರಿಕೆಗಳ ಮೇಜಿನ ಮೇಲೇ ಅದು ಇರುತ್ತದೆ, ತಂದೆತಾಯಿಗಳು ನೋಡಬಹುದು. ವೈದ್ಯರ ಮಾತಿನಂತೆ ಆ ಹುಡುಗ ಎರಡು ತಿಂಗಳು ಚೆಂಡು ಮುಟ್ಟದೆ ಇದ್ದು ಈಗ ಮರಳಿದ್ದಾನೆ. ಮೊನ್ನೆ ನಾಲ್ಕು ಓವರಾದೊಡನೆ ಅವನನ್ನು ನಿಲ್ಲಿಸಿದೆ. ಪಂದ್ಯ ಸೋತೆವು. ಕ್ಯಾಪ್ಟನ್ ಇನ್ನೂ ನನ್ನೊಡನೆ ಮಾತು ಬಿಟ್ಟಿದ್ದಾನೆ.