ಒಂದನೇ ತರಗತಿಗೆ ಕಲಿಸಲು ಎರಡು ವರ್ಷದ ಓದು ಏಕೆ?



ಪಿ.ಯು.ಸಿ. ಮುಗಿಸಿದ ಮಕ್ಕಳ ತಾಯಂದಿರು ನನ್ನನ್ನು ಆಗಾಗ ಕೇಳುತ್ತಾರೆ: "ಟೀಚರ್, ಅ ಆ ಇ ಈ, ಅಲಿಫ್ ಬೇ ಕಲಿಸುವುದಕ್ಕೆ ಎರಡು ವರ್ಷ ಓದಬೇಕಾ? ಬಿ.ಎಡ್. ಮಾಡಿದರೆ ಎಲ್ಲ ಕಡೆಯೂ ನಡೆಯುತ್ತದಲ್ಲ?" ಇದಕ್ಕೆ ಉತ್ತರವಾಗಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳುತ್ತೇನೆ.

ನಾನು ಬಿ.ಎಡ್. ಮಾಡಿದವಳು. ಮೊದಲು ಕೆಲಸ ಸಿಕ್ಕಿದ್ದು ಉರ್ದು ಮಾಧ್ಯಮದ ಒಂದು ಶಾಲೆಯ ಒಂದನೇ ತರಗತಿಗೆ. ಕನ್ನಡ ಅಕ್ಷರ ಬರೆಯಲು ಹೇಳಿದಾಗ ಒಬ್ಬ ಹುಡುಗ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು, ಬಲಗಡೆಯಿಂದ ಎಡಕ್ಕೆ ಬರೆದ. ಗದರಿದೆ. ಮರುದಿನವೂ ಹಾಗೆಯೇ ಬರೆದ. ಮತ್ತೆ ಗದರಿದೆ. ಮೂರನೆಯ ದಿನ ಬರೆಯಲೇ ಇಲ್ಲ. ಟಿ.ಸಿ.ಎಚ್. ಮಾಡಿದ್ದ ಹಿರಿಯ ಆಪಾ ಒಬ್ಬರು ಅದನ್ನು ನೋಡಿ, "ಇವನು ದಡ್ಡನಲ್ಲಮ್ಮ, ಉರ್ದುವಿನಲ್ಲಿ ಕಲಿತದ್ದನ್ನೇ ಇಲ್ಲಿಯೂ ಮಾಡಿದ್ದಾನೆ" ಎಂದರು. ಪ್ರತಿ ಸಾಲಿನ ಎಡತುದಿಗೆ ಕೆಂಪು ಚುಕ್ಕೆ ಇಟ್ಟು, "ಕನ್ನಡದ ಬಂಡಿ ಇಲ್ಲಿಂದ ಹೊರಡುತ್ತದೆ, ಬೇಟಾ" ಎಂದರು. ವಾರದೊಳಗೆ ಹುಡುಗ ಸರಿಯಾಗಿ ಬರೆಯತೊಡಗಿದ. ಇಷ್ಟೆಲ್ಲ ಓದಿದ್ದ ನನಗೆ ಆ ಚುಕ್ಕೆ ಗೊತ್ತಿರಲಿಲ್ಲ.

ಇಂಥದ್ದನ್ನು ಕಲಿಸುವ ಓದೇ ಡಿ.ಎಲ್.ಎಡ್. ಹಿಂದೆ ಇದನ್ನು ಟಿ.ಸಿ.ಎಚ್. ಎಂದೂ ಆಮೇಲೆ ಡಿ.ಎಡ್. ಎಂದೂ ಕರೆಯುತ್ತಿದ್ದರು. ಪಿ.ಯು.ಸಿ.ಯಲ್ಲಿ ಸಾಮಾನ್ಯವಾಗಿ ಶೇ. 50 ಅಂಕ ಬೇಕು. ಮೀಸಲಾತಿ ವರ್ಗಗಳಿಗೆ ರಿಯಾಯಿತಿ ಉಂಟು. ಮಗುವಿನ ಬೆಳವಣಿಗೆ, ಭಾಷೆ, ಗಣಿತ, ಪರಿಸರ ಅಧ್ಯಯನಗಳನ್ನು ಕಲಿಸುವ ರೀತಿ, ಕಲೆ, ದೈಹಿಕ ಶಿಕ್ಷಣ ಎಲ್ಲವೂ ಅದರಲ್ಲಿವೆ. 32ರಲ್ಲಿ 17 ಕಳೆದರೆ 25 ಎಂದು ಮಗು ಬರೆದರೆ ನಾವು ತಪ್ಪು ಗುರುತು ಹಾಕುತ್ತೇವೆ. ಆದರೆ ಮಗು 7ರಲ್ಲಿ 2 ಕಳೆದಿದೆ, 3ರಲ್ಲಿ 1 ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ ನಿಯಮವನ್ನು ನಂಬಿದೆ. ತಪ್ಪಿನ ಹಿಂದಿರುವ ಈ ಯೋಚನೆಯನ್ನು ಗುರುತಿಸುವುದೇ ಪ್ರಾಥಮಿಕ ಶಿಕ್ಷಕರ ವಿದ್ಯೆ. ಇದು ಪುಸ್ತಕದಿಂದ ಮಾತ್ರ ಬರುವುದಿಲ್ಲ. ಆದ್ದರಿಂದಲೇ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಈ ಕೋರ್ಸಿನಲ್ಲಿ 20 ವಾರಗಳ ಶಾಲಾ ತರಬೇತಿಯನ್ನು ಇಟ್ಟಿವೆ.

ಕಾನೂನಿನ ಮಾತೂ ಇದೆ. 2018ರಲ್ಲಿ ಬಿ.ಎಡ್. ಆದವರಿಗೂ 1ರಿಂದ 5ನೇ ತರಗತಿಗೆ ಅವಕಾಶ ಕೊಡಲಾಗಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ.ಯ ಮೊದಲ ಪತ್ರಿಕೆಯನ್ನೂ ಪಾಸು ಮಾಡಬೇಕು. ಅದಕ್ಕೆ 150 ಅಂಕ. ಸಾಮಾನ್ಯ ವರ್ಗದವರಿಗೆ 90 ಬೇಕು.

ವಿದ್ಯಾರ್ಥಿಗಳೇ, ಸೇರುವ ಮೊದಲು ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಉರ್ದುವಿನಲ್ಲಿ ಓದಿದವರು ಕನ್ನಡವನ್ನು ಬದಿಗಿಡಬೇಡಿ. ಉರ್ದುವಿನಲ್ಲಿ 'ಳ' ಇಲ್ಲ. ಶಿಕ್ಷಕಿಯೇ ಹಳ್ಳಿಯನ್ನು ಹಲ್ಲಿ ಎಂದರೆ ಮಗು ಊರಿನ ಬದಲು ಗೋಡೆ ನೋಡುತ್ತದೆ! ಎರಡೂ ಭಾಷೆ ಬಲ್ಲ ಶಿಕ್ಷಕರಿಗೆ ಮಾತ್ರ ಮಗು ಎಲ್ಲಿ ಎಡವಿತೆಂದು ತಿಳಿಯುತ್ತದೆ.

ಹಿರಿಯರಲ್ಲಿ ಒಂದು ವಿನಂತಿ. ಬೇರೆಲ್ಲೂ ಸೀಟು ಸಿಗದವರು ಸೇರುವ ಕೋರ್ಸ್ ಇದು ಎನ್ನಬೇಡಿ. ನಮ್ಮ ಶಾಲೆಗಳಲ್ಲಿ ಅತ್ಯುತ್ತಮ ಶಿಕ್ಷಕರನ್ನು ಒಂದನೇ ತರಗತಿಗೆ ಕೊಡಿ. ಮೂರನೆಯ ದಿನ ಬರೆಯುವುದನ್ನೇ ಬಿಟ್ಟ ಆ ಹುಡುಗನ ಪಕ್ಕದಲ್ಲಿ ಅಂದು ಆಪಾ ಇದ್ದರು. ಪ್ರತಿ ಮಗುವಿಗೂ ಅಂಥವರೊಬ್ಬರು ಸಿಗಲಿ.