ಪ್ರೋತ್ಸಾಹ ಧನ: ಯಾರ ಹೆಸರಿಗೆ, ಯಾವ ಖಾತೆಗೆ?

(ಕೆಂಗೇರಿ ಹೋಬಳಿಯ ಹಾಲು ಉತ್ಪಾದಕರ ಸಭೆಯಲ್ಲಿ ಸಂಘದ ನಿವೃತ್ತ ಕಾರ್ಯದರ್ಶಿಯೊಬ್ಬರು ಮಾಡಿದ ಭಾಷಣ)



ಸಂಜೆ ಹಾಲು ಕರೆಯುವ ಹೊತ್ತಿಗೆ ನೀವೆಲ್ಲ ಮನೆಯಲ್ಲಿರಬೇಕು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಡೇರಿಗೆ ಹಾಕಿದ ಹಾಲಿಗೆ ನಮಗೆ ಎರಡು ಕಡೆಯಿಂದ ದುಡ್ಡು ಬರುತ್ತದೆ. ಒಂದು ಸಂಘದ ಬಟವಾಡೆ. ಅದು ಹಾಲು ಮಾರಿ ಬಂದ ದುಡ್ಡು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತಲ್ಲ, ಅದನ್ನು ಕೊಟ್ಟವರು ರಾಜಾಜಿನಗರ, ವಿಜಯನಗರದ ಮನೆಗಳವರು. ಇನ್ನೊಂದು ಪ್ರೋತ್ಸಾಹ ಧನ. ಅದು ಸರ್ಕಾರದ ಖಜಾನೆಯಿಂದ ಬರುವಂಥದ್ದು. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಶುರುವಾಯಿತು, 2013ರಲ್ಲಿ 4 ಆಯಿತು, ಆಮೇಲೆ 5ಕ್ಕೆ ಬಂತು. ಕೆಲವೊಮ್ಮೆ ತಿಂಗಳುಗಟ್ಟಲೆ ಬಾಕಿ ನಿಂತದ್ದೂ ಉಂಟು. ಅದಕ್ಕೆ ಕಾರ್ಯದರ್ಶಿಯನ್ನು ಬೈದು ಪ್ರಯೋಜನವಿಲ್ಲ. ಸಂಘದಿಂದ ಹೋಗುವುದು ಲೆಕ್ಕ ಮಾತ್ರ. (ಬೈಸಿಕೊಂಡು ಅಭ್ಯಾಸವಿರುವವನು ಹೇಳುತ್ತಿದ್ದೇನೆ!)

ದಿನಕ್ಕೆ 10 ಲೀಟರ್ ಹಾಕುವವರಿಗೆ ಐದರ ಲೆಕ್ಕದಲ್ಲಿ ತಿಂಗಳಿಗೆ 1,500, ವರ್ಷಕ್ಕೆ 18,000ದ ಮೇಲೆ. 2019ರಲ್ಲಿ ಬಂದ ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000. ಅದಕ್ಕೂ ಜಮೀನು ನಿಮ್ಮ ಹೆಸರಿನಲ್ಲಿರಬೇಕು. ನಮ್ಮ ಕಡೆ ಎಷ್ಟು ಜನರ ಹೆಸರಿನಲ್ಲಿ ಜಮೀನು ಉಳಿದಿದೆ? ಕೆಂಪೇಗೌಡ ಬಡಾವಣೆಗೆ ಕೊಟ್ಟವರು ಇಲ್ಲೇ ಕುಳಿತಿದ್ದೀರಿ. ಹೊಲ ಹೋಯಿತು, ಕೊಟ್ಟಿಗೆ ಉಳಿಯಿತು. ಪ್ರೋತ್ಸಾಹ ಧನಕ್ಕೆ ಎಷ್ಟು ಎಕರೆ ಇದೆ ಎಂದು ಕೇಳುವುದಿಲ್ಲ, ಸಂಘಕ್ಕೆ ಎಷ್ಟು ಲೀಟರ್ ಹಾಕಿದಿರಿ ಎಂದು ಕೇಳುತ್ತಾರೆ. ಹೋಟೆಲಿಗೆ ಹಾಕಿದ ಹಾಲು ಈ ಲೆಕ್ಕಕ್ಕೆ ಬರುವುದಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಮ್ಮ ಸಂಘದಲ್ಲಿ ಒಬ್ಬ ಸದಸ್ಯರು ತೀರಿಕೊಂಡರು. ಅವರ ಮನೆಯಾಕೆ ಹನ್ನೊಂದನೆಯ ದಿನ ಮುಗಿದ ಮಾರನೆಯ ಬೆಳಿಗ್ಗೆಯೇ ಕ್ಯಾನು ಹಿಡಿದು ಬಂದರು. ಗಂಡನ ನಂಬರಿಗೇ ಹಾಲು ಬರೆದುಕೊಂಡೆ. ದುಃಖದಲ್ಲಿದ್ದಾರೆ, ಕಾಗದಪತ್ರದ ಮಾತು ಈಗ ಬೇಡ ಎಂದುಕೊಂಡೆ. ಬಟವಾಡೆಯನ್ನು ಕೈಗೇ ಕೊಡುತ್ತಿದ್ದುದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಎಂಟು ತಿಂಗಳಾದ ಮೇಲೆ ಆಕೆ, "ಅಣ್ಣ, ಎಲ್ಲರಿಗೂ ಸರ್ಕಾರದ ದುಡ್ಡು ಬಂತಂತೆ, ನನಗೆ ಯಾಕೆ ಬರಲಿಲ್ಲ?" ಎಂದರು. ಪುಸ್ತಕ ತೆಗೆದು ನೋಡಿದರೆ ಎಂಟು ತಿಂಗಳ ಹಾಲೂ ಇಲ್ಲದವರ ಹೆಸರಿನಲ್ಲಿತ್ತು. ಖಾತೆ ಮುಚ್ಚಿಹೋಗಿತ್ತು. ಓಡಾಡಿದೆವು. ಆಕೆಯ ಹೆಸರಿಗೆ ಸದಸ್ಯತ್ವವಾಯಿತು, ಮುಂದಿನದು ಬಂತು. ಹಿಂದಿನದು ಬರಲೇ ಇಲ್ಲ. ಎರಡು ಸೀಮೆಹಸುವಿಗೆ ಬೂಸಾ, ಹಿಂಡಿ ಹೊಂದಿಸುವ ಮನೆಗೆ ಅದು ಸಣ್ಣ ದುಡ್ಡಲ್ಲ.

ಆದ್ದರಿಂದ ಹಸು ನೋಡುವವರು ಯಾರೋ ಅವರ ಹೆಸರಿನಲ್ಲೇ ಸದಸ್ಯತ್ವವಿರಲಿ. ಸಗಣಿ ಬಾಚುವುದು, ಹಾಲು ಕರೆಯುವುದು, ಡೇರಿಗೆ ತರುವುದು ಹೆಂಗಸರು. ಪುಸ್ತಕದಲ್ಲಿ ಹೆಸರು ಮಾತ್ರ ಗಂಡಸರದು. ಇದನ್ನು ಗಂಡಸರ ಮುಂದೆಯೇ ಹೇಳುತ್ತಿದ್ದೇನೆ.

ಆಧಾರ್ ವಿಷಯ ಒಂದಿದೆ. ಆಧಾರ್ ಮೂಲಕ ಬರುವ ಸರ್ಕಾರದ ಹಣ, ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಆ ಖಾತೆಗೆ ಹೋಗುತ್ತದೆ. ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು, ಅಲ್ಲಿ ಆಧಾರ್ ಜೋಡಣೆಗೆ ಒಪ್ಪಿ ಸಹಿ ಹಾಕಿ ಮರೆತಿರುತ್ತೀರಿ. ಹಣ ಅಲ್ಲಿ ಕುಳಿತಿರುತ್ತದೆ, ನೀವು ಇಲ್ಲಿ ಸಂಘದ ಬಾಗಿಲಲ್ಲಿ ಕುಳಿತಿರುತ್ತೀರಿ. ದುಡ್ಡು ಬಂದಿಲ್ಲ ಎನ್ನುವ ಮೊದಲು ಎಲ್ಲ ಪಾಸ್ ಪುಸ್ತಕಗಳಿಗೂ ನಮೂದು ಹಾಕಿಸಿ ನೋಡಿ.

ಪಕ್ಕದ ಮನೆಯವರ ಹಾಲನ್ನು ನಿಮ್ಮ ನಂಬರಿಗೆ ಹಾಕಿಸಿಕೊಳ್ಳಬೇಡಿ. ಉಪಕಾರ ಎಂದು ಶುರುವಾಗಿ ಜಗಳದಲ್ಲಿ ಮುಗಿಯುವುದನ್ನು ನೋಡಿದ್ದೇನೆ.

ಪಾಸ್ ಪುಸ್ತಕ ತಂದವರು ಈ ಮೇಜಿನ ಹತ್ತಿರ ಬನ್ನಿ; ಹೆಸರು, ಸದಸ್ಯತ್ವದ ನಂಬರು, ಖಾತೆ ಮೂರನ್ನೂ ಸಂಘದ ಪುಸ್ತಕದೊಂದಿಗೆ ತಾಳೆ ನೋಡೋಣ. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದು ನಂಬರು ಬದಲಾಗದೆ ಇದ್ದರೆ ಅವರು ಮೊದಲು ಬನ್ನಿ.