ವಿನ್ಯಾಸಕಾರನ ಬಡ್ತಿ

ಕಳೆದ ದೀಪಾವಳಿಗೆ ಪುಣಜನೂರಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಬಿಳಿಗಿರಿರಂಗನ ಕಾಡಿಗೆ ತಗುಲಿಕೊಂಡಿರುವ ಊರು ಅದು. ಬೆಂಗಳೂರಿನಿಂದ ಅವಳ ಮಗನೂ ಬಂದಿದ್ದ. ಮನೆಯಲ್ಲಿ ಹಬ್ಬದ ಸಡಗರವಿದ್ದರೂ ಹುಡುಗನ ಮುಖದಲ್ಲಿ ಕಳೆಯಿರಲಿಲ್ಲ. ಎರಡನೆಯ ವರ್ಷವೂ ಅವನಿಗೆ ಬಡ್ತಿ ತಪ್ಪಿತ್ತು. ಅದನ್ನೇ ನೆಚ್ಚಿಕೊಂಡು ಮನೆ ಕಟ್ಟಲು ಸಾಲ ತೆಗೆದಿದ್ದ.

ಅವನ ಉದ್ಯೋಗಕ್ಕೆ ‘ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್’ ಎಂದು ಹೆಸರು. ಬಳಸುವವರ ಅನುಭವದ ವಿನ್ಯಾಸ ಎನ್ನೋಣ. 1993ರಲ್ಲಿ ಅಮೆರಿಕದ ಆಪಲ್ ಕಂಪನಿಯನ್ನು ಸೇರಿದ ಡೊನಾಲ್ಡ್ ನಾರ್ಮನ್ ಎಂಬ ವಿದ್ವಾಂಸರಿಂದ ಈ ಹೆಸರು ಪ್ರಚಾರಕ್ಕೆ ಬಂದಿತು. ಹೆಸರು ಹೊಸದಾದರೂ ವಿಷಯ ಹಳೆಯದೇ. ರೇಡಿಯೋದ ಕಿವಿ ಹಿಂಡಿದೊಡನೆ ನಿಮಗೆ ಬೇಕಾದ ಕೇಂದ್ರ ಸಿಕ್ಕಿತೆಂದರೆ, ಯಾರೋ ಒಬ್ಬರು ನಿಮ್ಮ ಬೆರಳನ್ನು ನೆನೆದು ಆ ತಿರುಪನ್ನು ಮಾಡಿದ್ದಾರೆಂದೇ ಅರ್ಥ.

ನಾನೂ ಇದೇ ಕಸುಬಿನಲ್ಲಿ ಇಪ್ಪತ್ತು ವರ್ಷ ಸವೆಸಿದವನು. ಬಡ್ತಿಯ ಸಮಿತಿಗಳಲ್ಲಿ ಕುಳಿತು ಎಷ್ಟೋ ಮಂದಿಗೆ ‘ಈ ಸಲ ಇಲ್ಲ’ ಎಂದು ಹೇಳಿದ ಪಾಪವೂ ನನ್ನ ಲೆಕ್ಕದಲ್ಲಿದೆ. “ಸಮಿತಿಯ ಮುಂದೆ ಏನು ಇಟ್ಟೆಯಪ್ಪ?” ಎಂದೆ. ನಲವತ್ತು ಪರದೆಗಳ ಚಿತ್ರಗಳನ್ನು ತೋರಿಸಿದ. ಕಣ್ಣಿಗೆ ಹಬ್ಬವಾಗಿದ್ದವು.

“ಇದರಿಂದ ಏನಾಯಿತು?”

“ಅವರೂ ಅದನ್ನೇ ಕೇಳಿದರು, ಮಾವ.”

ಜಗಲಿಯಲ್ಲಿದ್ದ ಅವನ ತಂದೆಗೆ ನಮ್ಮ ಮಾತಿನ ತಲೆಬುಡ ತಿಳಿಯಲಿಲ್ಲ. ಅವರಿಗೆ ತಿಳಿಯಲೆಂದು ‘ಭೂಮಿ’ಯ ವಿಷಯ ತೆಗೆದೆ. 2000ದ ಸುಮಾರಿನಲ್ಲಿ ನಮ್ಮ ರಾಜ್ಯದ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಯೋಜನೆ ಅದು. ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುವ ಬದಲು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಆಗ ಪಹಣಿ ಕೈಗೆ ಬರುತ್ತಿತ್ತು. ಅಲ್ಲಿ ಪರದೆಗಳು ಎರಡು: ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ರೈತನ ಕಡೆಗೆ. ತನ್ನ ಕೆಲಸ ನಡೆಯುವುದನ್ನು ರೈತ ನಿಂತಲ್ಲೇ ನೋಡಬಹುದಾಗಿತ್ತು. ಈ ಯಂತ್ರ ಯಾರಿಗಾಗಿ, ಕೀಲಿ ಒತ್ತುವವನಿಗೋ, ಹೊಲ ಉಳುವವನಿಗೋ? ಈ ಪ್ರಶ್ನೆ ಹುಟ್ಟದಿದ್ದರೆ ಎರಡನೆಯ ಪರದೆಯೂ ಹುಟ್ಟುವಂತಿಲ್ಲ. ಕೆಳಗಿನ ಮೆಟ್ಟಿಲಿನ ವಿನ್ಯಾಸಕಾರ ಕೊಟ್ಟ ಪರದೆಯನ್ನು ಅಂದಗೊಳಿಸುತ್ತಾನೆ. ಮೇಲಿನವನು ಇನ್ನೊಂದು ಪರದೆ ಬೇಕೆಂಬುದನ್ನು ಕಾಣುತ್ತಾನೆ. ಸಮಿತಿ ಹುಡುಕತಕ್ಕದ್ದು ಆ ಕಣ್ಣನ್ನು.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಒಂದು ಸಂಗತಿ ಹೊರಬಂತು. ಹಳ್ಳಿಯ ಅಂಗಡಿಯವರು ಫೋನಿನಲ್ಲೇ ಸರಕು ತರಿಸಿಕೊಳ್ಳುವ ಏರ್ಪಾಡು ಅವನ ಕಂಪನಿಯದು. ನಡುವೆ ಸಂಪರ್ಕ ಕಡಿದರೆ ಬರೆದ ಪಟ್ಟಿಯೆಲ್ಲ ಅಳಿಸಿಹೋಗುತ್ತಿತ್ತು. ರಜೆಗೆ ಊರಿಗೆ ಬಂದಾಗ ಅಂಗಡಿಯಾತ ಮೂರು ಸಲ ಅದೇ ಪಟ್ಟಿ ಬರೆದು ಬೈದುಕೊಂಡದ್ದನ್ನು ಇವನು ಕಂಡಿದ್ದ. ಎಂಜಿನಿಯರುಗಳ ಬೆನ್ನುಬಿದ್ದು, ಸಂಪರ್ಕ ಮರಳುವವರೆಗೆ ಪಟ್ಟಿ ಫೋನಿನಲ್ಲೇ ಉಳಿಯುವಂತೆ ಮಾಡಿಸಿದ್ದ.

“ಇದನ್ನೇಕೆ ಸಮಿತಿಗೆ ಹೇಳಲಿಲ್ಲ?”

“ಅದರಲ್ಲಿ ತೋರಿಸುವುದಕ್ಕೆ ಚಿತ್ರವೇ ಇಲ್ಲವಲ್ಲ, ಮಾವ!”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಡ್ತಿಗೆ ಬೇಕಾದ ಕೆಲಸ ಮಾಡಿಯೂ ಲೆಕ್ಕ ಇಡದೆ ಕೆಟ್ಟಿದ್ದ. ಕೆಲಸಕ್ಕೆ ಕೈಹಾಕುವ ಮೊದಲೇ ಎಷ್ಟು ಮಂದಿ ಪಟ್ಟಿ ಆರಂಭಿಸುತ್ತಾರೆ, ಎಷ್ಟು ಮಂದಿ ಮುಗಿಸುತ್ತಾರೆ, ದೂರು ಎಷ್ಟು ಎಂದು ಬರೆದಿಡಬೇಕು. ಆಮೇಲೆ ಮತ್ತೊಮ್ಮೆ ಎಣಿಸಬೇಕು. ಯಾವುದನ್ನು ಬೇಡವೆಂದು ಬಿಟ್ಟೆ, ಏಕೆ ಬಿಟ್ಟೆ ಎಂಬುದನ್ನೂ ಬರೆಯಬೇಕು. ನಾನಂತೂ ಮೊದಲು ಓದುತ್ತಿದ್ದುದು ಅದನ್ನೇ. ಇನ್ನೊಂದು ಮಾತು: ಮೇಲಿನ ಹುದ್ದೆಯ ಕೆಲಸವನ್ನು ಹುದ್ದೆ ಬರುವ ಮೊದಲೇ ಸ್ವಲ್ಪಕಾಲ ಮಾಡಿ ತೋರಿಸಬೇಕಾಗುತ್ತದೆ. ಇದು ನ್ಯಾಯವೇ ಎಂದರೆ ಪೂರ್ತಿ ನ್ಯಾಯವಲ್ಲ. ಆದುದರಿಂದಲೇ ಮೇಲಧಿಕಾರಿಯನ್ನು ವರ್ಷದ ಆದಿಯಲ್ಲಿಯೇ ‘ನನ್ನಲ್ಲಿ ಕೊರತೆ ಯಾವುದು?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಇಷ್ಟೆಲ್ಲ ಮಾಡಿದರೂ ಕಂಪನಿಯಲ್ಲಿ ಹಣವಿಲ್ಲದ ವರ್ಷ ಬಡ್ತಿಯಿಲ್ಲ. ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಹುಡುಗ ಎದ್ದು, ಫೋನಿಗೆ ಸಂಪರ್ಕ ಸಿಗುವ ಹುಣಸೆಮರದವರೆಗೆ ನಡೆದ. ಹಳೆಯ ದೂರುಗಳ ಲೆಕ್ಕ ಇಟ್ಟಿರುವ ಸಹೋದ್ಯೋಗಿಯನ್ನು ಕರೆದನಂತೆ. ಹಬ್ಬದ ದಿನ, ಯಾರೂ ಎತ್ತಲಿಲ್ಲ. ಮರುದಿನ ಬೆಳಗಿನ ಬಸ್ಸಿಗೇ ಹೊರಟ. ಹೋಳಿಗೆ ಕಟ್ಟಿಸಿಕೊಳ್ಳಲೂ ನಿಲ್ಲಲಿಲ್ಲವೆಂದು ತಂಗಿ ಇಂದಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ.